ಪದಕ ಕೊಳ್ಳುವ ಮುನ್ನ ಅಂಚನ್ನು ಓದಿ

ಅಮೆರಿಕದ ಹಳೆಯ ಸ್ಮಾರಕ ಪದಕಗಳ ಸಂಗ್ರಹಕ್ಕೆ ಕೈಹಾಕುವವರು ಒಂದು ವಿಷಯವನ್ನು ಮೊದಲೇ ಮನಗಾಣಬೇಕು. ಪದಕದ ಮೇಲಿನ ಇಸವಿ ಘಟನೆಯದು. ಪದಕ ತಯಾರಾದದ್ದೂ ಅದೇ ವರ್ಷವೆಂದು ತಿಳಿಯಬೇಕಾಗಿಲ್ಲ. ಬೇಡಿಕೆ ಇದ್ದಷ್ಟು ಕಾಲ ಟಂಕಸಾಲೆಗಳು ಒಂದೇ ವಿನ್ಯಾಸವನ್ನು ಮತ್ತೆ ಮತ್ತೆ ಅಚ್ಚೊತ್ತಿವೆ.

ಆದ್ದರಿಂದ ಸಿಕ್ಕಿದ್ದೆಲ್ಲವನ್ನೂ ಕೊಳ್ಳದೆ, ಒಂದು ಪದಕವನ್ನು ಆರಿಸಿಕೊಂಡು ಅದರ ಹುಟ್ಟನ್ನು ತಿಳಿದುಕೊಳ್ಳಿ. ಬ್ರಿಟಿಷ್ ಸೇನೆಯನ್ನು ಬಾಸ್ಟನ್‌ನಿಂದ ಹೊರಡಿಸಿದ್ದಕ್ಕಾಗಿ ಜಾರ್ಜ್ ವಾಷಿಂಗ್ಟನ್ ಅವರಿಗೆ ಚಿನ್ನದ ಪದಕ ನೀಡಬೇಕೆಂದು ಅಮೆರಿಕದ ವಸಾಹತುಗಳ ಪ್ರತಿನಿಧಿ ಸಭೆಯಾದ ಕಾಂಗ್ರೆಸ್ 1776ರ ಮಾರ್ಚ್ 25ರಂದು ನಿರ್ಣಯಿಸಿತು. ಅಚ್ಚನ್ನು ಕೆತ್ತಿದವರು ಪ್ಯಾರಿಸ್‌ನ ಪಿಯರ್ ಸಿಮೋನ್ ದ್ಯುವಿವಿಯೆ. ಪದಕ ವಾಷಿಂಗ್ಟನ್ ಅವರ ಕೈಸೇರಿದ್ದು 1790ರಲ್ಲಿ. ಹಿಂಬದಿಯಲ್ಲಿ ಅವರು ದಿಬ್ಬದ ಮೇಲೆ ಕುದುರೆಯೇರಿ, ಬಂದರು ಬಿಟ್ಟು ಹೊರಟ ಹಡಗುಗಳತ್ತ ಕೈತೋರುತ್ತಿದ್ದಾರೆ.

ಈ ಪದಕದ ತಾಮ್ರದ ಪ್ರತಿ ಸಿಕ್ಕಿತೆನ್ನಿ. ಚಿತ್ರವನ್ನು ಆಮೇಲೆ ನೋಡಬಹುದು; ಮೊದಲು ಭೂತಗನ್ನಡಿ ಹಿಡಿದು ಅಂಚನ್ನು ನಿಧಾನವಾಗಿ ತಿರುಗಿಸಿ. ಬೆರಳು ಚಾಚಿದ ಪುಟ್ಟ ಕೈಯೊಂದು ಒತ್ತಿದ್ದರೆ ಅದು ಪ್ಯಾರಿಸ್ ಟಂಕಸಾಲೆಯ 1845–1860ರ ಗುರುತು, ಜೇನುನೊಣವಿದ್ದರೆ 1860–1879, ಹಣ್ಣುಹೂ ತುಂಬಿದ ಕೊಂಬಿದ್ದರೆ 1880ರಿಂದೀಚಿನದು. ಪಕ್ಕದಲ್ಲಿ ‘ಕ್ಯುವ್ರ್’ ಎಂಬ ಫ್ರೆಂಚ್ ಪದವಿದ್ದರೆ ತಾಮ್ರವೆಂದರ್ಥ. ಅಂಚು ಬೋಳಾಗಿದೆಯೆಂದು ಹಿಗ್ಗಬೇಡಿ: ಅದು ಹಳೆಯದಿರಬಹುದು, ಗುರುತನ್ನು ಅರದಿಂದ ಉಜ್ಜಿ ತೆಗೆದದ್ದೂ ಇರಬಹುದು. ಮಾರುವವರು ಹೇಳುವ ಕತೆಗಿಂತ ಅಂಚಿನ ಮಾತನ್ನೇ ನಾನು ನಂಬುತ್ತೇನೆ.

ಅಂಚಿನ ಸುತ್ತ ಕೂದಲೆಳೆಯಷ್ಟು ತೆಳುವಾದ ಬೆಸುಗೆಯ ಗೆರೆ ಕಂಡರೆ, ವಿದ್ಯುಲ್ಲೇಪನದಿಂದ ಎರಡು ಚಿಪ್ಪುಗಳನ್ನು ಮಾಡಿ ಕೂಡಿಸಿದ ನಕಲೆಂದು ಶಂಕಿಸಬೇಕು. ಇದಕ್ಕೊಂದು ವಿನಾಯಿತಿಯೂ ಉಂಟು. ಆದಿವಾಸಿ ಮುಖಂಡರಿಗೆ ಕೊಡಲೆಂದು ಅಮೆರಿಕದ ಅಧ್ಯಕ್ಷ ಥಾಮಸ್ ಜೆಫರ್ಸನ್ ಅವರ ಕಾಲದಲ್ಲಿ ಮಾಡಿದ ಬೆಳ್ಳಿಯ ಶಾಂತಿ ಪದಕಗಳು ಅಸಲಿಯಾಗಿದ್ದೂ ಎರಡು ಚಿಪ್ಪುಗಳನ್ನು ಸುತ್ತುಪಟ್ಟಿಯಿಂದ ಬಿಗಿದವು. ಯಾವ ಪದಕವನ್ನು ಹೇಗೆ ಮಾಡಿದರೆಂದು ತಿಳಿಯದೆ ತೀರ್ಪು ಕೊಡುವಂತಿಲ್ಲ.

ಕೊಂಡ ಮೇಲೆ ತೊಳೆಯಬೇಡಿ. ದೇವರ ಮನೆಯ ತಂಬಿಗೆಗೆ ಹುಣಸೆಹಣ್ಣು ಹಚ್ಚಿ ರೂಢಿಯಾದ ಕೈ ಇಲ್ಲಿಯೂ ತವಕಿಸುವುದು ಸಹಜ. ಆದರೆ 19ನೆಯ ಶತಮಾನದ ಅನೇಕ ತಾಮ್ರದ ಪದಕಗಳ ಕಂದುಬಣ್ಣ ಟಂಕಸಾಲೆಯೇ ಕೊಟ್ಟದ್ದು, ಕೊಳೆಯಲ್ಲ. ಒಮ್ಮೆ ಉಜ್ಜಿದರೆ ಅದು ಮರಳಿ ಬಾರದು, ಬೆಲೆಯೂ ಇಳಿಯುತ್ತದೆ. ಅಂಚನ್ನಷ್ಟೇ ಹಿಡಿದು, ಒಣಗಿದ ಜಾಗದಲ್ಲಿಡಿ. ಮೆತ್ತನೆಯ ಪಿವಿಸಿ ಲಕೋಟೆ ಬೇಡ. ಕೆಲವು ವರ್ಷಗಳಲ್ಲಿ ಅದು ತಾಮ್ರದ ಮೇಲೆ ಹಸಿರು ಜಿಗುಟನ್ನು ಬಿಡುತ್ತದೆ.