‘ಅದು ಬೇಡ, ಇದು ತಿನ್ನಲ್ಲ’ ಅನ್ನುವವರಿಗೆ ರಾತ್ರಿಯೂಟ ಹೀಗೆ ಮಾಡಿ

ಮುಂಬೈಯಲ್ಲಿ ಊಟಕ್ಕೆ ಕರೆಯುವುದು ಸುಲಭ, ಏನು ಬಡಿಸುವುದು ಅನ್ನುವುದೇ ಕಷ್ಟ. ಪಕ್ಕದ ಫ್ಲಾಟಿನ ಜೈನ ಕುಟುಂಬ ಈರುಳ್ಳಿ ಮುಟ್ಟುವುದಿಲ್ಲ. ಆಫೀಸಿನ ಮರಾಠಿ ಗೆಳತಿಗೆ ತೆಂಗಿನೆಣ್ಣೆಯ ವಾಸನೆ ಆಗುವುದಿಲ್ಲ. ವಿಜಯಪುರದಿಂದ ಬಂದ ಮಾವನಿಗೆ ಕರಾವಳಿಯ ಸಾಂಬಾರು ಸಿಹಿ ಅನ್ನಿಸುತ್ತದೆ. ಅಣ್ಣನ ಮಗ ಬಿಳಿ ಅನ್ನ ಬಿಟ್ಟು ಬೇರೇನನ್ನೂ ತಟ್ಟೆಗೆ ಹಾಕಿಸಿಕೊಳ್ಳುವುದಿಲ್ಲ. ಇವರೆಲ್ಲ ಒಂದೇ ದಿನ ಬಂದರೆ ಏನು ಮಾಡುವುದು?

ಒಬ್ಬೊಬ್ಬರಿಗೆ ಒಂದೊಂದು ಅಡುಗೆ ಮಾಡಲು ಹೋಗಬೇಡಿ. ಎರಡು ಒಲೆಯ ಪುಟ್ಟ ಅಡುಗೆಮನೆಯಲ್ಲಿ ಅದು ಆಗುವ ಕೆಲಸವಲ್ಲ. ಎಲ್ಲರೂ ತಿನ್ನಬಹುದಾದ ಸಾದಾ ಅಡುಗೆಯನ್ನು ಚೆನ್ನಾಗಿ ಮಾಡಿ. ಖಾರ, ಹುಳಿ, ಬೆಳ್ಳುಳ್ಳಿ ಎಲ್ಲವನ್ನೂ ಆದಷ್ಟು ಕೊನೆಗೆ ಸೇರಿಸಿ, ಇಲ್ಲವೇ ಪಕ್ಕದಲ್ಲಿ ಇಡಿ. ಈ ಲೇಖನದ ಉಳಿದ ಮಾತೆಲ್ಲ ಇದನ್ನು ಮಾಡುವ ಬಗೆ.

ಮೊದಲು ಫೋನ್ ಮಾಡಿ

‘ಏನು ಮಾಡಲಿ?’ ಎಂದು ಕೇಳಿದರೆ ‘ಏನಾದ್ರೂ ನಡೆಯುತ್ತೆ’ ಅನ್ನುತ್ತಾರೆ. ಅದರಿಂದ ನಿಮಗೇನೂ ಗೊತ್ತಾಗುವುದಿಲ್ಲ. ‘ಏನು ಹಾಕಬಾರದು?’ ಎಂದು ಕೇಳಿ. ಆಗ ಸರಿಯಾದ ಉತ್ತರ ಬರುತ್ತದೆ. ಕೇಳಿದ್ದನ್ನು ಬರೆದಿಟ್ಟುಕೊಳ್ಳಿ.

ಉತ್ತರಗಳನ್ನು ಮೂರಾಗಿ ವಿಂಗಡಿಸಿ: ಮೈಗೆ ಆಗದ್ದು, ವ್ರತ ನಿಯಮಕ್ಕೆ ಆಗದ್ದು, ಬರೀ ನಾಲಿಗೆಗೆ ಆಗದ್ದು. ಮೂರನೆಯದರಲ್ಲಿ ಸ್ವಲ್ಪ ಹೊಂದಾಣಿಕೆ ಮಾಡಬಹುದು, ಮೊದಲ ಎರಡರಲ್ಲಿ ಆಗದು.

ಅಲರ್ಜಿ ಇದ್ದರೆ ಬಹಳ ಎಚ್ಚರ ಬೇಕು. ಮಹಾರಾಷ್ಟ್ರದ ಅಡುಗೆಯಲ್ಲಿ ಶೇಂಗಾ ಪುಡಿ ಎಲ್ಲದಕ್ಕೂ ಬೀಳುತ್ತದೆ, ನಮಗೂ ಅದೇ ರೂಢಿಯಾಗಿರುತ್ತದೆ. ಯಾರಿಗಾದರೂ ಶೇಂಗಾ ಆಗುವುದಿಲ್ಲ ಎಂದರೆ ಆ ದಿನ ಶೇಂಗಾವನ್ನು ಅಡುಗೆಮನೆಗೇ ತರಬೇಡಿ. ಶೇಂಗಾ ರುಬ್ಬಿದ ಜಾರನ್ನು ಸುಮ್ನೆ ನೀರಾಡಿಸಿ ಮತ್ತೆ ಬಳಸಬಾರದು, ಸೋಪು ಹಾಕಿ ತೊಳೆಯಬೇಕು. ಗೋಧಿ ಆಗದವರು ಬರುವುದಾದರೆ ಇಂಗಿನ ಡಬ್ಬಿಯನ್ನೂ ಓದಿ. ಅಂಗಡಿಯ ಪುಡಿ ಇಂಗಿನಲ್ಲಿ ಸಾಮಾನ್ಯವಾಗಿ ಗೋಧಿ ಹಿಟ್ಟು ಸೇರಿರುತ್ತದೆ.

ಜೈನರ ಊಟದಲ್ಲಿ ಈರುಳ್ಳಿ, ಬೆಳ್ಳುಳ್ಳಿಯ ಜೊತೆಗೆ ಬಟಾಟೆ, ಕ್ಯಾರೆಟ್, ಮೂಲಂಗಿ, ಬೀಟ್‌ರೂಟ್, ಹಸಿ ಶುಂಠಿಯೂ ಇಲ್ಲ. ಒಣ ಶುಂಠಿ, ಅರಿಶಿನ ಪುಡಿ ನಡೆಯುತ್ತದೆ. ಬದನೆ ತಿನ್ನದವರೂ ಇದ್ದಾರೆ. ಹಸಿ ಮೊಸರನ್ನು ಬೇಳೆಕಾಳಿನ ಜೊತೆ ತಿನ್ನದವರೂ ಇದ್ದಾರೆ. ಆದ್ದರಿಂದ ಆ ಮನೆಯವರನ್ನೇ ಕೇಳುವುದು ಒಳ್ಳೆಯದು. ಸೂರ್ಯ ಮುಳುಗುವ ಮೊದಲೇ ಊಟ ಮುಗಿಸುವವರಾದರೆ ಹೊತ್ತನ್ನೂ ನೋಡಬೇಕು. ಮುಂಬೈಯಲ್ಲಿ ಜುಲೈ ಮೊದಲ ವಾರ ಸಂಜೆ 7.15ರ ಮೇಲೂ ಬೆಳಕಿರುತ್ತದೆ. ನವೆಂಬರ್ ಕೊನೆಗೆ 6 ಗಂಟೆಗೇ ಸೂರ್ಯ ಮುಳುಗುತ್ತಾನೆ. ಚಳಿಗಾಲದಲ್ಲಿ ಇವರನ್ನು ರಾತ್ರಿ 8ಕ್ಕೆ ಕರೆಯುವುದು ಸರಿಯಲ್ಲ. ಭಾನುವಾರ ಸಂಜೆ 5ಕ್ಕೆ ಕರೆಯಿರಿ.

ಗೋಡೆಯ ಮೇಲಿನ ಕಾಲನಿರ್ಣಯ ಕ್ಯಾಲೆಂಡರನ್ನೂ ಒಮ್ಮೆ ನೋಡಿ. ಸಂಕಷ್ಟಿಯ ದಿನ ಉಪವಾಸ ಇರುವವರು ಚಂದ್ರ ಕಂಡ ಮೇಲೆಯೇ ಊಟಕ್ಕೆ ಕೂರುತ್ತಾರೆ. ಚಂದ್ರೋದಯದ ಹೊತ್ತು ಅದರಲ್ಲೇ ಅಚ್ಚಾಗಿರುತ್ತದೆ. ಏಕಾದಶಿಗೆ ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಅವಲಕ್ಕಿ, ಉಪ್ಪಿಟ್ಟು ಫಲಾಹಾರ. ಮರಾಠಿ ಮನೆಗಳಲ್ಲಿ ಉಪವಾಸಕ್ಕೆ ಇವೆರಡೂ ನಡೆಯುವುದಿಲ್ಲ. ಅವರಿಗೆ ಸಾಬೂದಾನ, ವರಿ ಅಕ್ಕಿ, ಬಟಾಟೆ, ಶೇಂಗಾ ಬೇಕು. ಪ್ರೀತಿಯಿಂದ ಮಾಡಿಟ್ಟ ಅವಲಕ್ಕಿಯನ್ನು ಅವರು ಮುಟ್ಟದಿದ್ದರೆ ಬೇಸರ ಮಾಡಿಕೊಳ್ಳಬೇಡಿ. ಶ್ರಾವಣದಲ್ಲಿ ಮೀನು, ಕೋಳಿ ಬಿಡುವವರೂ ಬಹಳ ಮಂದಿ.

ಎಂಟು ಜನಕ್ಕೆ ಏನು ಮಾಡುವುದು?

ನನ್ನ ಆಯ್ಕೆ ನೀರುದೋಸೆ, ಅನ್ನ, ತೊವ್ವೆ, ತೊಂಡೆಕಾಯಿ–ಕಡಲೆ ಗಸಿ, ಒಂದು ಪಲ್ಯ, ಒಂದು ಪಾಯಸ. ನೀರುದೋಸೆಗೆ ತನ್ನದೇ ಜೋರು ರುಚಿ ಇಲ್ಲ, ಅದಕ್ಕೇ ಎಲ್ಲರಿಗೂ ಒಗ್ಗುತ್ತದೆ. ಹಿಟ್ಟು ಹುಳಿ ಬರಿಸಬೇಕಾಗಿಲ್ಲ. ಮಕ್ಕಳಿಗೆ ಕಾಯಿ–ಬೆಲ್ಲದ ಜೊತೆ ಕೊಡಬಹುದು, ದೊಡ್ಡವರಿಗೆ ಗಸಿಯ ಜೊತೆ. ಗುಜರಾತಿ ಮನೆಯವರೂ ಇದನ್ನು ಇಷ್ಟಪಟ್ಟು ತಿನ್ನುವುದನ್ನು ನೋಡಿದ್ದೇನೆ.

ಮೂರು ಲೋಟ ಸೋನಾ ಮಸೂರಿ ಅಕ್ಕಿಯನ್ನು ನಾಲ್ಕು ಗಂಟೆ ನೆನೆಸಿ, ಒಂದು ಹಿಡಿ ಕಾಯಿತುರಿ ಹಾಕಿ ತೀರಾ ನುಣ್ಣಗೆ ರುಬ್ಬಿ. ಹಿಟ್ಟು ಮಜ್ಜಿಗೆಯಷ್ಟು ತೆಳ್ಳಗಿರಲಿ. ಮೂವತ್ತು ದೋಸೆಗೆ ಮೋಸವಿಲ್ಲ. ಅಕ್ಕಿ ತಳಕ್ಕೆ ಕೂರುತ್ತದೆ, ಪ್ರತಿ ಸಲ ಸೌಟಿನಿಂದ ಕಲಕಿಯೇ ಹೊಯ್ಯಿರಿ. ಕಾವಲಿ ಚೆನ್ನಾಗಿ ಕಾದಿರಬೇಕು.

ತೊವ್ವೆಗೆ ಒಂದೂವರೆ ಲೋಟ ತೊಗರಿಬೇಳೆ, ಅರಿಶಿನ, ಉಪ್ಪು, ಅಷ್ಟೇ. ಬೆಂದ ಮೇಲೆ ಎರಡು ಪಾತ್ರೆಗೆ ಹಾಕಿ. ಒಂದಕ್ಕೆ ತುಪ್ಪ, ಜೀರಿಗೆ, ಇಂಗಿನ ಒಗ್ಗರಣೆ. ಇದು ಜೈನರಿಗೆ, ಮಕ್ಕಳಿಗೆ, ಹೊಟ್ಟೆ ಸೂಕ್ಷ್ಮ ಇರುವ ಅಜ್ಜಿಗೆ. ಇನ್ನೊಂದಕ್ಕೆ ಜಜ್ಜಿದ ಬೆಳ್ಳುಳ್ಳಿ, ಒಣಮೆಣಸು. ಒಂದೇ ಕುಕ್ಕರಿನಿಂದ ಎರಡು ಊಟ ಸಿಕ್ಕಿತು, ಅಲ್ವಾ?

ಗಸಿಗೂ ಇದೇ ದಾರಿ. ಹತ್ತು ಬ್ಯಾಡಗಿ ಮೆಣಸು, ಎರಡು ದೊಡ್ಡ ಚಮಚ ಕೊತ್ತಂಬರಿ ಬೀಜ, ಒಂದು ಸಣ್ಣ ಚಮಚ ಜೀರಿಗೆ, ಕಾಲು ಚಮಚ ಮೆಂತ್ಯ. ಇವನ್ನು ಹುರಿದು, ಒಂದು ಕಾಯಿಯ ತುರಿ ಮತ್ತು ಸ್ವಲ್ಪ ಹುಣಿಸೆ ಹಣ್ಣಿನ ಜೊತೆ ರುಬ್ಬಿ. ಬ್ಯಾಡಗಿಯಲ್ಲಿ ಬಣ್ಣ ಜಾಸ್ತಿ, ಖಾರ ಕಡಿಮೆ. ಹಾಗಾಗಿ ಹೆದರುವವರೂ ಧೈರ್ಯವಾಗಿ ತಿನ್ನಬಹುದು. ಮಸಾಲೆಗೆ ಈರುಳ್ಳಿ, ಬೆಳ್ಳುಳ್ಳಿ ಸೇರಿಸಬೇಡಿ. ರಾತ್ರಿಯೇ ನೆನೆಸಿ ಬೇಯಿಸಿಕೊಂಡ ಒಂದು ಲೋಟ ಕಡಲೆ, ಅರ್ಧ ಕಿಲೋ ತೊಂಡೆಕಾಯಿ ಹಾಕಿ ಕುದಿಸಿ. ಬೇಕಾದವರ ಪಾಲನ್ನು ತೆಗೆದು ಅದಕ್ಕೆ ಮಾತ್ರ ಈರುಳ್ಳಿ ಒಗ್ಗರಣೆ ಕೊಡಿ. ತೆಂಗಿನೆಣ್ಣೆಯನ್ನೂ ಆ ಪಾಲಿಗೇ ಹಾಕಿ, ಉಳಿದದ್ದಕ್ಕೆ ಸೂರ್ಯಕಾಂತಿ ಎಣ್ಣೆ ಸಾಕು.

ತೊಂಡೆಕಾಯಿ ಎಲ್ಲ ಕಡೆ ಸಿಗುತ್ತದೆ. ಬಾಳೆಎಲೆ, ಮಂಗಳೂರು ಸೌತೆ, ನಮ್ಮ ಕಡೆಯ ಬೇರೆ ತರಕಾರಿ ಬೇಕಿದ್ದರೆ ಮಾಟುಂಗಾ ಮಾರ್ಕೆಟ್‌ಗೆ ಹೋಗಿ ಬನ್ನಿ.

ಜೈನರು, ಕಟ್ಟಾ ಸಸ್ಯಾಹಾರಿಗಳು ಬರುವ ದಿನ ಮೀನು ಬೇಡವೇ ಬೇಡ ಎಂಬುದು ನನ್ನ ಅಭಿಪ್ರಾಯ. ಬೇರೆ ಬಾಣಲೆ ಇಟ್ಟರೂ ಫ್ಲಾಟಿನಲ್ಲಿ ವಾಸನೆ ಎಲ್ಲಿಗೆ ಹೋಗುತ್ತದೆ? ಬಂಗುಡೆ ಫ್ರೈ ಇಲ್ಲದೆ ಊಟ ಸೇರದ ನೆಂಟರನ್ನು ಇನ್ನೊಂದು ದಿನ ಕರೆಯಿರಿ.

ಬೇಡ ಅನ್ನುವ ತರಕಾರಿ

ತರಕಾರಿ ಸೇರದು ಅನ್ನುವವರಲ್ಲಿ ಹಲವರಿಗೆ ಅದರ ರುಚಿಗಿಂತ ಲೋಳೆ, ಕಹಿ, ವಾಸನೆ ಆಗದಿರುವುದೇ ಜಾಸ್ತಿ. ಅದನ್ನು ಸರಿಮಾಡಬಹುದು. ಬೆಂಡೆಕಾಯಿಯನ್ನು ತೊಳೆದು ಪೂರ್ತಿ ಒರೆಸಿ ಒಣಗಿಸಿದ ಮೇಲೆಯೇ ಹೆಚ್ಚಿ. ಅಗಲ ಬಾಣಲೆಯಲ್ಲಿ ಮುಚ್ಚಳ ಇಲ್ಲದೆ ಹುರಿದು, ಸ್ವಲ್ಪ ಹುಣಿಸೆ ರಸ ಹಾಕಿ. ಹುಳಿ ಬಿದ್ದರೆ ಲೋಳೆ ಕಡಿಮೆಯಾಗುತ್ತದೆ. ಉಪ್ಪು ಕೊನೆಗೆ. ಹಾಗಲಕಾಯಿಯನ್ನು ಹೆಚ್ಚಿ ಉಪ್ಪು ಸವರಿ ಅರ್ಧ ಗಂಟೆ ಬಿಟ್ಟು ಹಿಂಡಿ. ಉಪ್ಪು ಕಹಿ ರಸವನ್ನು ಹೊರಗೆಳೆಯುತ್ತದೆ, ಉಳಿದ ಕಹಿ ನಾಲಿಗೆಗೆ ತಟ್ಟದಂತೆಯೂ ಮಾಡುತ್ತದೆ. ಎಲೆಕೋಸು, ಹೂಕೋಸು ಹೆಚ್ಚು ಹೊತ್ತು ಬೆಂದಷ್ಟೂ ಗಂಧಕದ ವಾಸನೆ ಬಿಡುತ್ತವೆ. ಬೇಗ ಬೇಯಿಸಿ ಇಳಿಸಿ. ಬದನೆ ಮೆತ್ತಗಾಗುವುದು ಸೇರದವರಿಗೆ ಬಿಲ್ಲೆ ಮಾಡಿ, ಉಪ್ಪು ಖಾರ ಸವರಿ, ರವೆಯಲ್ಲಿ ಹೊರಳಿಸಿ ಕಾವಲಿಯ ಮೇಲೆ ಗರಿಗರಿ ಮಾಡಿ. ಕೊಂಕಣಿ ಮನೆಯ ಫೋಡಿ, ಮರಾಠಿ ಮನೆಯ ಕಾಪ್ ಇದೇ. ಎಂಟು ಜನರ ಊಟಕ್ಕೆ ಇವುಗಳಲ್ಲಿ ಒಂದು ಸಾಕು. ಇಲ್ಲದಿದ್ದರೆ ಬೀನ್ಸ್ ಪಲ್ಯ ಮಾಡಿ, ಅದನ್ನು ಬೇಡ ಅನ್ನುವವರು ಕಡಿಮೆ.

ಯಾವುದನ್ನು ಯಾವಾಗ?

ಹಿಂದಿನ ರಾತ್ರಿ ಕಡಲೆ ನೆನೆಸಿ, ಮಸಾಲೆ ಹುರಿದಿಡಿ. ಆ ದಿನ ಬೆಳಿಗ್ಗೆ ಅಕ್ಕಿ ನೆನೆಸಿ, ಮಧ್ಯಾಹ್ನ ರುಬ್ಬಿ ಫ್ರಿಜ್‌ನಲ್ಲಿಡಿ. ಅತಿಥಿಗಳು ಬರುವ ಎರಡು ಗಂಟೆ ಮೊದಲು ಪಾಯಸ, ಒಂದು ಗಂಟೆ ಮೊದಲು ಗಸಿ ಮತ್ತು ತೊವ್ವೆ. ಅನ್ನವನ್ನು ಅವರು ಬಂದ ಮೇಲೆಯೇ ಕುಕ್ಕರಿಗೆ ಇಡಿ. ಬೋರಿವಲಿಯಿಂದ ದಾದರ್‌ನಲ್ಲಿ ಗಾಡಿ ಬದಲಿಸಿ ಡೊಂಬಿವಲಿಗೆ ಬರುವವರು ಹೇಳಿದ ಹೊತ್ತಿಗೆ ಬರಲಾರರು, ಅದು ಅವರ ತಪ್ಪಲ್ಲ. ದೋಸೆ ಮಾತ್ರ ಎಲ್ಲರೂ ಕೂತ ಮೇಲೆಯೇ ಹೊಯ್ಯಬೇಕು. ಮನೆಯಲ್ಲಿ ಇನ್ನೊಬ್ಬರು ಕಾವಲಿಯ ಮುಂದೆ ನಿಂತರೆ ನೀವು ಬಡಿಸಬಹುದು.

ಬಡಿಸುವಾಗ

ಎಲ್ಲವನ್ನೂ ಮೇಜಿನ ಮೇಲೆ ಬೇರೆ ಬೇರೆ ಪಾತ್ರೆಯಲ್ಲಿಡಿ, ಪ್ರತಿಯೊಂದಕ್ಕೂ ಅದರದೇ ಸೌಟು. ಈರುಳ್ಳಿ, ಬೆಳ್ಳುಳ್ಳಿ ಹಾಕಿದ್ದು ಯಾವುದು, ಹಾಕದ್ದು ಯಾವುದು ಎಂದು ಮೊದಲೇ ಹೇಳಿ. ಪಕ್ಕದಲ್ಲಿ ಉಪ್ಪಿನಕಾಯಿ, ಮೊಸರು, ಹಪ್ಪಳ, ಹೆಚ್ಚಿದ ನಿಂಬೆಹಣ್ಣು ಇರಲಿ. ವಿಜಯಪುರದ ಮಾವನಿಗೆ ಗುರೆಳ್ಳು ಚಟ್ನಿಪುಡಿ, ಅಗಸಿ ಚಟ್ನಿಪುಡಿ ಕೈಗೆ ಸಿಗುವಂತಿದ್ದರೆ ಸಾಕು, ಅವರ ಊಟ ಅವರೇ ಸರಿಮಾಡಿಕೊಳ್ಳುತ್ತಾರೆ.

ಮಕ್ಕಳ ವಿಷಯದಲ್ಲಿ ಒಂದು ಕಳಕಳಿಯ ಮಾತು. ಮಕ್ಕಳ ನಾಲಿಗೆಗೆ ಕಹಿ ದೊಡ್ಡವರಿಗಿಂತ ಜಾಸ್ತಿ ತಟ್ಟುತ್ತದೆ, ಅದು ಬರೀ ಹಟ ಅಲ್ಲ. ಹೊಸ ತಿನಿಸನ್ನು ಮಗು ಒಪ್ಪಿಕೊಳ್ಳಲು ಹತ್ತು ಸಲವೂ ಬೇಕಾಗಬಹುದು. ನೆಂಟರ ಮುಂದೆ ‘ಇವನು ಏನೂ ತಿನ್ನಲ್ಲ’ ಎಂದು ಹೇಳಬೇಡಿ, ಹೇಳಲೂ ಬಿಡಬೇಡಿ. ಅನ್ನ, ತುಪ್ಪ, ಮೊಸರು ಕೊಟ್ಟು, ಒಂದು ಚಮಚ ಪಲ್ಯ ಪಕ್ಕದಲ್ಲಿಟ್ಟು ಸುಮ್ಮನಿರಿ.

ಸಕ್ಕರೆ ಕಾಯಿಲೆ ಇರುವವರಿಗೆ ಬೆಲ್ಲದ ಪಾಯಸ ಆಗುತ್ತದೆ ಎಂಬ ನಂಬಿಕೆ ಬಿಡಿ. ಬೆಲ್ಲವೂ ಸಕ್ಕರೆಯನ್ನು ಏರಿಸುತ್ತದೆ. ಅವರಿಗೆ ಪಾಯಸವನ್ನು ಚಿಕ್ಕ ಬಟ್ಟಲಿನಲ್ಲಿ ಕೊಡಿ, ಬೇಡ ಅಂದರೆ ಒತ್ತಾಯ ಮಾಡಬೇಡಿ.

ಊಟ ಮುಗಿದ ಮೇಲೆ ಅನ್ನ ಮತ್ತು ಕಾಯಿ ಹಾಕಿದ ಗಸಿಯನ್ನು ಹೊರಗೆ ಬಿಡಬೇಡಿ. ಮುಂಬೈಯ ಸೆಕೆಗೆ ಎರಡೂ ಬೇಗ ಕೆಡುತ್ತವೆ, ಎರಡು ಗಂಟೆಯೊಳಗೆ ಫ್ರಿಜ್ ಸೇರಲಿ. ನೀರುದೋಸೆ ಹಿಟ್ಟು ಉಳಿದರೆ ಅದನ್ನೂ ಫ್ರಿಜ್‌ನಲ್ಲೇ ಇಡಿ, ಮರುದಿನ ಬೆಳಗಿನ ತಿಂಡಿಗಾಗುತ್ತದೆ.