ಪ್ಲೇಯರ್ ಪಿಯಾನೊ ನುಡಿಸ್ತಿಲ್ವಾ? ಬಿಚ್ಚೋ ಮೊದ್ಲು ಸೋರಿಕೆ ಎಲ್ಲಿ ಅಂತ ಹುಡುಕಿ

ತೂತು ಕೊರೆದ ಕಾಗದದ ರೋಲ್ ಹಾಕಿ ಪೆಡಲ್ ತುಳಿದ್ರೆ ತಾನಾಗೇ ನುಡಿಯೋ ಪಿಯಾನೊನೇ ಪ್ಲೇಯರ್ ಪಿಯಾನೊ. ಹಳೇದೊಂದು ಕೈಗೆ ಸಿಕ್ಕಿದ ತಕ್ಷಣ ಎಲ್ರೂ ಮಾಡೋ ತಪ್ಪು ಒಂದೇ, ಸ್ಕ್ರೂಡ್ರೈವರ್ ತಗೊಂಡು ಬಿಚ್ಚೋಕೆ ಶುರು ಮಾಡೋದು. ದಯವಿಟ್ಟು ಬೇಡ. ಒಂದು ಸಲ ಎಲ್ಲ ಬಿಚ್ಚಿಹಾಕಿದ್ರೆ ತೊಂದ್ರೆ ಎಲ್ಲಿತ್ತು ಅನ್ನೋ ಗುರುತೇ ಹೋಗ್ಬಿಡತ್ತೆ.

ಇದು ಹೇಗೆ ಕೆಲಸ ಮಾಡತ್ತೆ ಅಂತ ಮೊದ್ಲು ತಲೇಲಿ ಕೂತ್ಕೋಬೇಕು. ಹಾರ್ಮೋನಿಯಂ ತಿದಿ ಗಾಳಿ ಊದತ್ತೆ, ಇದು ಉಲ್ಟಾ, ಪೆಡಲ್ ತುಳಿದಾಗ ಒಳಗಿರೋ ಗಾಳೀನ ಎಳೆದು ಹೊರಗೆ ಹಾಕತ್ತೆ. ರೋಲ್‌ನ ತೂತು ಹಿತ್ತಾಳೆಯ ಟ್ರ್ಯಾಕರ್ ಬಾರ್ ಮೇಲಿರೋ ತೂತಿಗೆ ಸರಿಯಾಗಿ ಬಂದಾಗ ಹೊರಗಿನ ಗಾಳಿ ಟ್ಯೂಬಲ್ಲಿ ಒಳಗೆ ಹೋಗತ್ತೆ, ಪೌಚ್ ಅನ್ನೋ ತೆಳು ಚರ್ಮ ಉಬ್ಬಿ ವಾಲ್ವ್‌ನ ಎತ್ತತ್ತೆ, ಆಗ ಆ ಸ್ವರದ ಪುಟ್ಟ ತಿದಿ, ಅದೇ ನ್ಯೂಮ್ಯಾಟಿಕ್, ಪಟ್ ಅಂತ ಮುಚ್ಕೊಂಡು ಪಿಯಾನೊ ಆಕ್ಷನ್ನನ್ನ, ಅಂದ್ರೆ ತಂತಿಗೆ ಸುತ್ತಿಗೆ ಹೊಡೆಸೋ ಭಾಗಾನ, ತಳ್ಳತ್ತೆ. ತೂತು ದಾಟಿ ಹೋದ್ಮೇಲೆ ಪೌಚ್ ಕೆಳಗೆ ಉಳಿದ ಗಾಳಿ ಬ್ಲೀಡ್ ಅನ್ನೋ ಸೂಜಿಮೊನೆಯಷ್ಟು ರಂಧ್ರದಿಂದ ಹೋಗಿ ವಾಲ್ವ್ ವಾಪಸ್ ಕೂರತ್ತೆ. ಹೀಗೆ 88 ಸಲ, ಪ್ರತಿ ಸ್ವರಕ್ಕೂ ಒಂದೊಂದು ಸೆಟ್. 1908ರಲ್ಲಿ ಬಫಲೋದಲ್ಲಿ ತಯಾರಕರೆಲ್ಲ ಕೂತು 11¼ ಇಂಚಿನ ರೋಲು, ಇಂಚಿಗೆ 9 ತೂತು ಅಂತ ಒಪ್ಕೊಂಡ್ರು, ಅದಕ್ಕೇ ಬೇರೆ ಬೇರೆ ಕಂಪನಿ ರೋಲುಗಳು ಒಂದೇ ಪಿಯಾನೊದಲ್ಲಿ ಓಡತ್ವೆ. ಅದಕ್ಕಿಂತ ಹಳೇ 65 ಸ್ವರದ ರೋಲು ಇದ್ರಲ್ಲಿ ಓಡಲ್ಲ, ಅದನ್ನ ಹಾಕಿ ಪಿಯಾನೊ ಕೆಟ್ಟಿದೆ ಅನ್ಕೋಬೇಡಿ.

ಮೊದಲ ಪರೀಕ್ಷೆ ಕೈಯಿಂದ. ಎಲ್ಲ ಕೀ ಒಂದೊಂದಾಗಿ ಒತ್ತಿ ನೋಡಿ. ಕೈಯಲ್ಲಿ ಒತ್ತಿದ್ರೂ ನುಡಿಯದ ಸ್ವರ ಪಿಯಾನೊದ ತೊಂದ್ರೆ, ಗಾಳಿದಲ್ಲ.

ಆಮೇಲೆ ಮುಖ್ಯವಾದದ್ದು. ತಿದಿಯಿಂದ ಮೇಲಕ್ಕೆ ಹೋಗೋ ದಪ್ಪ ಹೋಸ್‌ಗಳನ್ನೆಲ್ಲ ಬಿಚ್ಚಿ, ತಿದಿ ಕಡೆ ಬಾಯಿ ಟೇಪ್ ಹಾಕಿ ಬಿಗಿಯಾಗಿ ಮುಚ್ಚಿ, ಪೆಡಲ್ ತುಳಿದು ರಿಸರ್ವಾಯರ್ (ಎಳೆತ ಒಂದೇ ಸಮ ಇಡೋ ದೊಡ್ಡ ತಿದಿ) ಪೂರ್ತಿ ಮುಚ್ಕೊಂಡ್ಮೇಲೆ ಕಾಲು ತೆಗೆದು ಸೆಕೆಂಡ್ ಎಣಿಸಿ. ಎರಡು ಮೂರು ಸೆಕೆಂಡಲ್ಲೇ ತೆರ್ಕೊಂಡ್ರೆ ಸೋರ್ತಿರೋದು ತಿದಿನೇ, ಮೇಲಿಂದು ಆಮೇಲೆ ನೋಡೋಣ. ನಿಧಾನಕ್ಕೆ ತೆರ್ಕೊಂಡ್ರೆ ವಾಲ್ವ್, ನ್ಯೂಮ್ಯಾಟಿಕ್ ಎಲ್ಲ ಇರೋ ಮೇಲಿನ ಭಾಗದ, ಅಂದ್ರೆ ಸ್ಟ್ಯಾಕ್‌ನ ಹೋಸ್ ಮಾತ್ರ ಜೋಡಿಸಿ, ಟ್ರ್ಯಾಕರ್ ಬಾರ್ ಮೇಲೆ ಅಗಲ ಮಾಸ್ಕಿಂಗ್ ಟೇಪ್ ಅಂಟಿಸಿ ಮತ್ತೆ ತುಳಿದು ಎಣಿಸಿ. ಎಣಿಕೆ ಎಲ್ಲಿ ಬಿದ್ದುಹೋಗತ್ತೋ ಅಲ್ಲಿದೆ ನಿಮ್ಮ ಕೆಲಸ.

ಟೇಪ್ ಹಾಕಿದ್ದಾಗ್ಲೂ ಯಾವ್ದಾದ್ರೂ ಸ್ವರ ತಾನಾಗೇ ನುಡಿದ್ರೆ ಆ ಟ್ಯೂಬ್ ಬಿರುಕು ಬಿಟ್ಟಿದೆ ಇಲ್ಲ ಕಳಚಿದೆ, ಅಥ್ವಾ ಬ್ಲೀಡ್ ಕಟ್ಕೊಂಡಿದೆ, ಅಥ್ವಾ ವಾಲ್ವ್ ಕೆಳಗೆ ಕಸ ಸಿಕ್ಕಿದೆ. ನುಡಿಯದ ಸ್ವರಕ್ಕೆ ಅದರ ತೂತಿನ ಮೇಲೆ ಮಾತ್ರ ಬ್ಲೇಡಲ್ಲಿ ಟೇಪ್ ಸೀಳಿ ನೋಡಿ. ಆಗ್ಲೂ ಸುಮ್ನಿದ್ರೆ ಟ್ಯೂಬಲ್ಲಿ ಕಾಗದದ ಧೂಳು ತುಂಬಿರತ್ತೆ, ಇಲ್ಲ ಪೌಚ್ ಹರಿದಿರತ್ತೆ, ಇಲ್ಲ ನ್ಯೂಮ್ಯಾಟಿಕ್ ಬಟ್ಟೆ ಹೋಗಿರತ್ತೆ. ಒಂದ್ಸಲ ನುಡಿದು ಬೇಗ ಬೇಗ ಎರಡನೇ ಸಲ ನುಡಿಯೋಕೆ ತಡವರಿಸಿದ್ರೆ ಬ್ಲೀಡ್ ಅರ್ಧ ಕಟ್ಟಿರತ್ತೆ, ಇಲ್ಲ ಪೌಚ್ ಚರ್ಮ ಗಟ್ಟಿ ಆಗಿರತ್ತೆ. ಬಾರ್ ಧೂಳಿಗೆ ಅದಕ್ಕಂತಾನೇ ಇರೋ ಕೈ ಪಂಪಲ್ಲಿ ಹೊರಗೆ ಎಳೀಬೇಕು, ಕಂಪ್ರೆಸರ್ ಗಾಳಿ ಊದಿದ್ರೆ ಆ ಧೂಳೆಲ್ಲ ಬ್ಲೀಡಿಗೆ ಹೋಗಿ ಕೂರತ್ತೆ. ಬ್ಲೀಡನ್ನ ಸಣ್ಣ ತಂತಿಯಲ್ಲಿ ಬಿಡಿಸಿ, ಆದ್ರೆ ರಂಧ್ರ ಒಂಚೂರೂ ದೊಡ್ಡದಾಗ್ಬಾರ್ದು. ಇನ್ನೊಂದು, ಕೆಲವು ಹಳೇ ಪಿಯಾನೊಗಳಲ್ಲಿ ಟ್ಯೂಬ್ ಸೀಸದ್ದು, ಅದ್ರ ಮೇಲೆ ಬಿಳೀ ಪುಡಿ ಕಂಡ್ರೆ ಅದು ವಿಷ, ಗ್ಲೌಸ್ ಹಾಕಿ, ಬಾಯಲ್ಲಿ ಊದ್ಬೇಡಿ, ಉಜ್ಬೇಡಿ.

ಈಗ ಬಟ್ಟೆ ವಿಷಯ. ಹರಿದಿರೋ ಎರಡು ಮೂರು ನ್ಯೂಮ್ಯಾಟಿಕ್‌ಗೆ ಮಾತ್ರ ತೇಪೆ ಹಾಕಿದ್ರೆ ಸಾಕಲ್ವಾ ಅಂತ ಬಹಳ ಜನ ಕೇಳ್ತಾರೆ, ಸಾಕಾಗಲ್ಲ, ಎಲ್ಲದರ ರಬ್ಬರ್ ಬಟ್ಟೆಗೂ ಒಂದೇ ವಯಸ್ಸು, ಈ ತಿಂಗಳು ಇದು, ಮುಂದಿನ ತಿಂಗಳು ಪಕ್ಕದ್ದು. 88ಕ್ಕೂ ಹೊಸ ಬಟ್ಟೆ ಹಾಕಿ. ತೆಗೆಯೋ ಮೊದ್ಲು ಪ್ರತಿಯೊಂದಕ್ಕೂ ನಂಬರ್ ಬರೀರಿ, ಎಷ್ಟು ಅಗಲ ತೆರ್ಕೊಳತ್ತೆ ಅಂತ ಅಳೀರಿ, ಒಂದನ್ನ ಮಾದರಿಗೆ ಹಾಗೇ ಇಟ್ಕೊಳಿ. ತೆಳುವಾದ ನ್ಯೂಮ್ಯಾಟಿಕ್ ಬಟ್ಟೆನೇ ಬೇಕು, ದೊಡ್ಡ ತಿದಿಯ ದಪ್ಪ ಬಟ್ಟೆ ಹಾಕಿದ್ರೆ ಮೆಲ್ಲಗೆ ನುಡಿಸುವಾಗ ಮುಚ್ಕೊಳೋದೇ ಇಲ್ಲ.

ಅಂಟಿನ ಬಗ್ಗೆ ನಂಗೆ ತುಂಬ ಹಠ ಇದೆ. ಹೈಡ್ ಗ್ಲೂ ಮಾತ್ರ, ಪ್ರಾಣಿ ಚರ್ಮದಿಂದ ಮಾಡೋದು, ನೀರಲ್ಲಿ ನೆನೆಸಿ ಸುಮಾರು 60 ಡಿಗ್ರಿ ಸೆಲ್ಸಿಯಸ್‌ಗೆ ಬಿಸಿ ಮಾಡಿ ಹಚ್ಚಬೇಕು, ಕುದಿಸಿದ್ರೆ ಹಿಡಿತ ಹೋಗತ್ತೆ. ಯಾರೋ ಹಿಂದೆ ಬಿಳೀ ಅಂಟು ಹಾಕಿದ್ದ ಸ್ಟ್ಯಾಕ್ ಒಂದನ್ನ ಬಿಚ್ಚೋಕೆ ಹೋಗಿ ಮರದ ಪದರಾನೇ ಕಿತ್ಕೊಂಡು ಬಂದಿದ್ದನ್ನ ನೋಡಿ ಹೊಟ್ಟೆ ಉರೀತು. ಹೈಡ್ ಗ್ಲೂ ಆದ್ರೆ ಶಾಖ, ತೇವ ತಾಗಿದ್ರೆ ಬಿಡತ್ತೆ, ಇನ್ನು ಐವತ್ತು ವರ್ಷದ ಮೇಲೆ ಬಿಚ್ಚೋರಿಗೂ ಮರ ಉಳಿಯತ್ತೆ.

ಬಟ್ಟೆ ಒಣಗಿದ್ಮೇಲೆ ಪ್ರತಿಯೊಂದನ್ನೂ ಹಿಸುಕಿ, ತೂತಿಗೆ ಬೆರಳಿಟ್ಟು ಕೈ ಬಿಡಿ, ಅದು ಮುಚ್ಕೊಂಡೇ ಇರ್ಬೇಕು. ಬೇಗ ತೆರ್ಕೊಂಡ್ರೆ ಸ್ಟ್ಯಾಕಿಗೆ ಅಂಟಿಸೋಕ್ಮುಂಚೆನೇ ಸರಿ ಮಾಡಿ.

ರೋಲ್ ತಿರುಗಿಸೋ ಏರ್ ಮೋಟರ್ ಜಾರುವ ವಾಲ್ವ್‌ಗಳಿಗೆ ಗ್ರಾಫೈಟ್ ಪುಡಿ ಮಾತ್ರ, ಎಣ್ಣೆ ಬೇಡ. ಟೆಂಪೊ 70ಕ್ಕೆ ಇಟ್ರೆ ನಿಮಿಷಕ್ಕೆ 7 ಅಡಿ ಕಾಗದ ಓಡ್ಬೇಕು, ಜೋರಾಗಿ ತುಳಿದ್ರೂ ಮೆಲ್ಲಗೆ ತುಳಿದ್ರೂ ಅಷ್ಟೇ. ಜೋರಾಗಿ ತುಳಿದಾಗ ಓಟ ಹೆಚ್ಚಾದ್ರೆ ಮೋಟರ್ ವೇಗ ಒಂದೇ ಸಮ ಇಡೋ ಗವರ್ನರ್ ನೋಡಿ.

ಎಲ್ಲ ಜೋಡಿಸಿ ಎರಡು ವಾರ ನುಡಿಸಿದ್ಮೇಲೆ ಸ್ಟ್ಯಾಕ್‌ನ ಸ್ಕ್ರೂಗಳನ್ನ ಇನ್ನೊಂದ್ಸಲ ಹದವಾಗಿ ಬಿಗಿ ಮಾಡಿ, ಹೊಸ ಚರ್ಮದ ಗ್ಯಾಸ್ಕೆಟ್ ಅಷ್ಟೊತ್ತಿಗೆ ಕುಗ್ಗಿರತ್ತೆ.