ಠಾಣೆಯಲ್ಲಿದ್ದ ಅಡಿಕೆಯನ್ನು ಮನೆಗೆ ತಂದದ್ದು: ನನ್ನ ಅನುಭವ

ಅಡಿಕೆ ಕದ್ದವರು ಸಿಕ್ಕಿಬಿದ್ದರು. ಅಡಿಕೆಯೂ ಸಿಕ್ಕಿತು. ಆದರೆ ಕದ್ದವರು ಜಾಮೀನು ಪಡೆದು ಮನೆಗೆ ಹೋದ ಮೇಲೂ ನಮ್ಮ ಅಡಿಕೆ ಠಾಣೆಯಲ್ಲೇ ಉಳಿಯಿತು. ಅಡಿಕೆ ಕಳೆದುಕೊಂಡಾಗ ಬಂದ ದುಃಖಕ್ಕಿಂತ ಇದಕ್ಕೆ ಬಂದ ಸಿಟ್ಟೇ ಜಾಸ್ತಿ. ಆ ಅಡಿಕೆ ಬಿಡಿಸಿಕೊಂಡು ಬರಲು ನಾನು ಏನೇನು ಮಾಡಿದೆ ಅಂತ ಇಲ್ಲಿ ಬರೆಯುತ್ತಿದ್ದೇನೆ. ಮಲೆನಾಡಿನಲ್ಲಿ ಸುಗ್ಗಿ ಬಂತೆಂದರೆ ಅಡಿಕೆ ಕಳ್ಳರೂ ಬರುತ್ತಾರೆ. ನನ್ನ ಹಾಗೆ ಠಾಣೆ ಬಾಗಿಲಲ್ಲಿ ನಿಂತವರು ಇನ್ನೂ ಇದ್ದಾರೆ.

ನಮ್ಮದು ಶಿವಮೊಗ್ಗ ಜಿಲ್ಲೆಯ ಘಟ್ಟದ ಕಡೆಯ ಹಳ್ಳಿ. ಇಲ್ಲಿ ಒಂದು ಮನೆಗೂ ಇನ್ನೊಂದಕ್ಕೂ ನಡುವೆ ಒಂದು ಗುಡ್ಡ ಇರುತ್ತದೆ. ಕೂಗಿದರೆ ಕೇಳುವುದಿಲ್ಲ. ಯಜಮಾನರು ಹೋದ ಮೇಲೆ ತೋಟವನ್ನು ನಾನೇ ನೋಡಿಕೊಳ್ಳುತ್ತಿದ್ದೇನೆ. ಮನೆಯಲ್ಲಿ ವಯಸ್ಸಾದ ಮಾವ ಮತ್ತು ಓದುವ ಮಗಳು. ಸುಲಿದು, ಬೇಯಿಸಿ, ಒಣಗಿಸಿ, ಚೀಲ ತುಂಬಿಟ್ಟಿದ್ದ ರಾಶಿ ಅಡಿಕೆಯನ್ನು ರಾತ್ರಿ ಕೋಣೆಯ ಬೀಗ ಒಡೆದು ಹೊತ್ತುಕೊಂಡು ಹೋದರು. ಅದು ವರ್ಷದ ಬೆಳೆ. ಸೊಸೈಟಿ ಸಾಲ, ಮಗಳ ಫೀಸು, ಮಾವನ ಔಷಧಿ ಎಲ್ಲ ಅದರಲ್ಲೇ ಆಗಬೇಕು.

ದೂರು ಬರೆಯುವಾಗ ಮಾವ ಒಂದು ಮಾತು ಹೇಳಿದರು: "ನೋಡಮ್ಮ, ಕಳುವಾಯಿತು ಅಂತಷ್ಟೇ ಬರೆಯಬೇಡ. ಬೀಗ ಒಡೆದದ್ದು ಬರಿ, ರಾತ್ರಿ ಅಂತ ಬರಿ, ಚೀಲದ ಗುರುತು ಬರಿ." ಈ ಮಾತು ಎಷ್ಟು ದೊಡ್ಡದು ಅಂತ ಆಮೇಲೆ ಗೊತ್ತಾಯಿತು. 2024ರ ಜುಲೈ 1ರಿಂದ ಐಪಿಸಿ ಬದಲು ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಅದರಲ್ಲಿ ಸಾದಾ ಕಳ್ಳತನಕ್ಕೆ 303ನೇ ಕಲಂ, ಮೂರು ವರ್ಷದವರೆಗೆ ಶಿಕ್ಷೆ. ಮಾಲು ಇಡುವ ಕಟ್ಟಡದೊಳಗೆ ಕದ್ದರೆ 305ನೇ ಕಲಂ, ಏಳು ವರ್ಷದವರೆಗೆ. ರಾತ್ರಿ ಬೀಗ ಒಡೆದು ಕಳ್ಳತನಕ್ಕೆ ನುಗ್ಗಿದರೆ 331(4), ಅದಕ್ಕೆ 14 ವರ್ಷದವರೆಗೂ ಹೋಗುತ್ತದೆ. ದೂರಿನಲ್ಲಿ ಬೀಗದ ಮಾತೇ ಇಲ್ಲದಿದ್ದರೆ ಎಫ್‌ಐಆರ್‌ನಲ್ಲಿ ಆ ಕಲಂ ಬರುವುದು ಹೇಗೆ? ನಾನು ಒಡೆದ ಬೀಗವನ್ನು ಮುಟ್ಟದೆ ಹಾಗೇ ಬಿಟ್ಟಿದ್ದೆ. ಮಹಜರಿನಲ್ಲಿ ಅದನ್ನು ಬರೆಸಿದೆ.

ಇನ್ನೊಂದು ವಿಷಯ. ಎಫ್‌ಐಆರ್ ಪ್ರತಿಯನ್ನು ದೂರು ಕೊಟ್ಟವರಿಗೆ ಪುಕ್ಕಟೆ ಕೊಡಬೇಕು ಅಂತ ಕಾನೂನೇ ಹೇಳುತ್ತದೆ. ಕೇಳಿ ತೆಗೆದುಕೊಳ್ಳಿ. ದೂರು ದಾಖಲಿಸದಿದ್ದರೆ ಜಿಲ್ಲಾ ಎಸ್‌ಪಿಯವರಿಗೆ ಬರೆಯಬಹುದು. ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟ್ ಮುಂದೆ ಹೋಗಬಹುದು.

ಮೊದಲು ಅನುಮಾನ ಬಂದದ್ದು ನಮ್ಮ ತೋಟದಲ್ಲಿ ಕೊನೆ ತೆಗೆಯುವವನ, ಅಂದರೆ ಮರ ಹತ್ತಿ ಅಡಿಕೆ ಗೊನೆ ಕೊಯ್ಯುವವನ ಮೇಲೆ. ಬಡವ, ಮನೆಯ ಒಳಹೊರಗು ಬಲ್ಲವನು, ಅಷ್ಟು ಸಾಕಾಯಿತು. ಅವನನ್ನು ಬೆಳಿಗ್ಗೆ ಕರೆಸಿ ಸಂಜೆವರೆಗೆ ಠಾಣೆಯಲ್ಲಿ ಕೂರಿಸುತ್ತಿದ್ದರು. ಅವನ ಹೆಂಡತಿ ನಮ್ಮ ಅಂಗಳಕ್ಕೆ ಬಂದು ಅತ್ತಳು. ನಾನು ಠಾಣೆಗೆ ಹೋಗಿ, ಅವನ ಮೇಲೆ ನನಗೆ ಯಾವ ಅನುಮಾನವೂ ಇಲ್ಲ ಅಂತ ಬರೆದುಕೊಟ್ಟೆ. ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, ಏಳು ವರ್ಷದವರೆಗಿನ ಶಿಕ್ಷೆಯ ಅಪರಾಧಗಳಲ್ಲಿ ಸುಮ್ಮನೆ ಯಾರನ್ನೂ ಬಂಧಿಸಬಾರದು, ಕಾರಣ ಬರೆದಿಡಬೇಕು ಅಂತ ಸುಪ್ರೀಂ ಕೋರ್ಟ್ 2014ರ ಅರ್ನೇಶ್ ಕುಮಾರ್ ತೀರ್ಪಿನಲ್ಲಿ ಹೇಳಿದೆ. ಆ ತೀರ್ಪಿನಿಂದ ಕಳ್ಳರಿಗೆ ಅನುಕೂಲ ಅಂತ ನಮ್ಮೂರಲ್ಲಿ ಬೈಯುವವರು ಬಹಳ ಜನ. ಆದರೆ ನಮ್ಮ ಕೊನೆ ತೆಗೆಯುವವನಂಥವರು ಜೈಲಿಗೆ ಹೋಗದೆ ಉಳಿಯುವುದೂ ಅಂಥ ಮಾತುಗಳಿಂದಲೇ. ಆರೋಪಿಗೆ ಹಕ್ಕು ಇರಬೇಕು. ಅದರಲ್ಲಿ ನನಗೆ ತಕರಾರಿಲ್ಲ.

ನಿಜವಾದ ಕಳ್ಳರು ಬೇರೆ ಊರಿನ ಮಂಡಿಯಲ್ಲಿ ಅಡಿಕೆ ಮಾರಲು ಹೋದಾಗ ಸಿಕ್ಕರು. ಪೊಲೀಸರು ಈ ಕೆಲಸವನ್ನು ಚೆನ್ನಾಗಿಯೇ ಮಾಡಿದರು. ಮಾಲು ಗುರುತಿಸಲು ನಮ್ಮನ್ನು ಕರೆದರು. ಒಂದು ಅಡಿಕೆ ಇನ್ನೊಂದು ಅಡಿಕೆಯ ಹಾಗೇ ಇರುತ್ತದೆ ಅಲ್ವಾ? ಆದರೆ ಮಾವ ಚೀಲದ ಬಾಯನ್ನು ನೀಲಿ ನೈಲಾನ್ ದಾರದಲ್ಲಿ ಎರಡು ಸುತ್ತು ಹೊಲಿಯುತ್ತಾರೆ. ದೂರಿನಲ್ಲಿ ಅದನ್ನು ಬರೆದಿದ್ದೆವು. ಚೀಲದಲ್ಲಿ ಅದೇ ದಾರ ಇತ್ತು. ಜಪ್ತಿ ಮಹಜರಿನಲ್ಲೂ ದಾರದ ಬಣ್ಣ ಬರೆಸಿದೆ.

ಸ್ವಲ್ಪ ದಿನಕ್ಕೆ ಆರೋಪಿಗಳಿಗೆ ಜಾಮೀನು ಸಿಕ್ಕಿತು. ನನಗೆ ಯಾರೂ ಹೇಳಲಿಲ್ಲ. ಸಂತೆಯಲ್ಲಿ ಅವರಲ್ಲೊಬ್ಬನನ್ನು ನೋಡಿಯೇ ನನಗೆ ವಿಷಯ ತಿಳಿದದ್ದು. ಆ ಹೊತ್ತಿಗೆ ನನಗೆ ಆದ ಸಂಕಟ ಈಗಲೂ ಇದೆ. ಅವನು ಹೊರಗೆ ಬಂದದ್ದಕ್ಕಿಂತ, ನನ್ನ ಮನೆಗೆ ನುಗ್ಗಿದವನು ನನ್ನೂರಿನ ದಾರಿಯಲ್ಲಿ ಓಡಾಡುತ್ತಿದ್ದಾನೆ ಅನ್ನುವುದನ್ನು ನನಗೆ ತಿಳಿಸಬೇಕು ಅಂತ ಯಾರಿಗೂ ಅನ್ನಿಸಲಿಲ್ಲವಲ್ಲ, ಅದು.

ಅಲ್ಲಿಂದ ಸೀದಾ ಠಾಣೆಗೆ ಹೋಗಿ ನಮ್ಮ ಅಡಿಕೆ ಕೇಳಿದೆ. "ಅಮ್ಮ, ಅದು ಈಗ ಮುದ್ದೆಮಾಲು. ಕೇಸು ಮುಗಿದ ಮೇಲೆ ಸಿಗುತ್ತೆ," ಅಂದರು ಠಾಣೆಯ ಕಾಗದಪತ್ರ ನೋಡಿಕೊಳ್ಳುವ ರೈಟರ್. ಮುದ್ದೆಮಾಲು ಅಂದರೆ ಕೇಸಿಗಾಗಿ ಜಪ್ತಿ ಮಾಡಿಟ್ಟ ವಸ್ತು. "ಯಾವಾಗ ಮುಗಿಯುತ್ತೆ ಸರ್?" ಅಂದೆ. "ಅದನ್ನ ನಾವು ಹೇಗೆ ಹೇಳೋದು?" ಅಂದರು. ಚೀಲಗಳು ಹಿಂದಿನ ಕೋಣೆಯಲ್ಲಿ ಬರೀ ನೆಲದ ಮೇಲೆ ಇದ್ದವು. ಗೋಡೆಯಲ್ಲಿ ತೇವ ಕಾಣುತ್ತಿತ್ತು. ನಮ್ಮ ಕಡೆ ಮಳೆಗಾಲ ಹೇಗಿರುತ್ತದೆ ಅಂತ ಮಲೆನಾಡಿನವರಿಗೆ ಹೇಳಬೇಕಿಲ್ಲ. ಅಡಿಕೆಗೆ ಬೂಷ್ಟು ಹಿಡಿದರೆ ಮಂಡಿಯಲ್ಲಿ ಕೈಯಲ್ಲೂ ಮುಟ್ಟುವುದಿಲ್ಲ.

ತಾಲೂಕು ಕೋರ್ಟಿನ ಆವರಣದಲ್ಲೇ ಕಾನೂನು ಸೇವಾ ಸಮಿತಿ ಇದೆ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಮಿನಲ್ಲಿ ಹೆಂಗಸರಿಗೆ ಆದಾಯ ಎಷ್ಟೇ ಇರಲಿ, ಪುಕ್ಕಟೆ ವಕೀಲರು ಸಿಗುತ್ತಾರೆ. ಪರಿಶಿಷ್ಟ ಜಾತಿ, ಪಂಗಡದವರಿಗೂ ಇದೆ. 15100ಕ್ಕೆ ಫೋನ್ ಮಾಡಿಯೂ ಕೇಳಬಹುದು. ಉಚಿತ ವಕೀಲರು ಅಂದರೆ ಆರೋಪಿಗಳಿಗೆ ಮಾತ್ರ ಅಂತ ಊರಲ್ಲಿ ಎಲ್ಲರೂ ತಿಳಿದಿದ್ದಾರೆ. ಹಾಗಿಲ್ಲ. ನನಗೆ ಕೊಟ್ಟವರು ಚಿಕ್ಕ ವಯಸ್ಸಿನ ವಕೀಲೆ. ಅವರು ಕಾಗದಗಳನ್ನೆಲ್ಲ ಓದಿ ಹೇಳಿದರು: "ಅಕ್ಕ, ಅಡಿಕೆ ಅಲ್ಲೇ ಇರಬೇಕು ಅಂತ ಕಾನೂನು ಎಲ್ಲೂ ಹೇಳಿಲ್ಲ. ಯಾರೂ ಅರ್ಜಿ ಹಾಕಿಲ್ಲ, ಅದಕ್ಕೆ ಅಲ್ಲಿದೆ."

ಹಳೆಯ ಸಿಆರ್‌ಪಿಸಿಯಲ್ಲಿ (ಕ್ರಿಮಿನಲ್ ಕೇಸು ನಡೆಸುವ ಕ್ರಮದ ಕಾನೂನು) 451 ಮತ್ತು 457ನೇ ಕಲಂಗಳಿದ್ದವು. ಅದರ ಬದಲು ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಅವು 497 ಮತ್ತು 503. ಜಪ್ತಿಯಾದ ಮಾಲನ್ನು ಕೇಸು ನಡೆಯುತ್ತಿರುವಾಗಲೇ ಮಾಲೀಕರ ವಶಕ್ಕೆ ಕೊಡಲು ಇವುಗಳಲ್ಲಿ ಅವಕಾಶವಿದೆ. ಹೊಸ ಸಂಹಿತೆ ಗಡುವನ್ನೂ ಹಾಕಿದೆ. ಮಾಲು ಕೋರ್ಟಿನ ಮುಂದೆ ಬಂದ 14 ದಿನದೊಳಗೆ ಅದರ ವಿವರ ಬರೆಯಬೇಕು, ಫೋಟೋ ಅಥವಾ ವಿಡಿಯೊ ತೆಗೆಸಬೇಕು. ಆಮೇಲೆ 30 ದಿನದೊಳಗೆ ಮಾಲಿನ ಬಗ್ಗೆ ಆದೇಶ ಆಗಬೇಕು. ಆ ಫೋಟೋಗಳನ್ನೇ ವಿಚಾರಣೆಯಲ್ಲಿ ಸಾಕ್ಷ್ಯವಾಗಿ ಬಳಸಬಹುದು. ಇದಕ್ಕೂ ಮೊದಲೇ, 2002ರಲ್ಲಿ ಸುಂದರ್‌ಭಾಯ್ ಅಂಬಾಲಾಲ್ ದೇಸಾಯಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿತ್ತು: ಜಪ್ತಿಯಾದ ವಸ್ತು ಠಾಣೆಯಲ್ಲಿ 15 ದಿನದಿಂದ ಒಂದು ತಿಂಗಳಿಗಿಂತ ಹೆಚ್ಚು ಇರಬಾರದು. ಇಷ್ಟು ವರ್ಷ ಆದರೂ ಯಾವ ಠಾಣೆಯ ಅಂಗಳ ನೋಡಿದರೂ ತುಕ್ಕು ಹಿಡಿದ ಬೈಕುಗಳು ಸಾಲಾಗಿ ನಿಂತಿರುತ್ತವೆ. ಅವುಗಳಿಗೂ ಮಾಲೀಕರಿದ್ದಾರೆ.

ಅರ್ಜಿಯ ಜೊತೆ ನಾವು ಕೊಟ್ಟದ್ದು ಇಷ್ಟು. ಎಫ್‌ಐಆರ್ ಪ್ರತಿ. ಮಾಲಿನ ಪಿಎಫ್ ನಂಬರು (ಜಪ್ತಿ ಮಾಲಿನ ಪಟ್ಟಿಗೆ ಪೊಲೀಸರು ಕೊಡುವ ನಂಬರು), ಅದನ್ನು ಠಾಣೆಯಲ್ಲಿ ಕೇಳಿ ಬರೆದುಕೊಂಡಿದ್ದೆ. ಅಡಿಕೆ ಬೆಳೆ ನಮೂದಾಗಿರುವ ಪಹಣಿ. ಹಿಂದಿನ ವರ್ಷಗಳಲ್ಲಿ ಅಡಿಕೆ ಮಾರಿದ ಪಟ್ಟಿಗಳು, ನಮ್ಮಲ್ಲಿ ಇಷ್ಟು ಬೆಳೆಯುತ್ತದೆ ಅಂತ ತೋರಿಸಲು ಇವೇ ಆಧಾರ. ಸೊಸೈಟಿ ಸಾಲದ ಕಾಗದ. ಮನೆಯಲ್ಲಿ ಉಳಿದಿದ್ದ ಅದೇ ನೀಲಿ ದಾರದ ಉಂಡೆ. ಮಾರಾಟದ ಪಟ್ಟಿಗಳನ್ನು ಎಸೆಯುವ ಅಭ್ಯಾಸ ಇದ್ದರೆ ಇವತ್ತೇ ಬಿಡಿ.

ಸರ್ಕಾರಿ ವಕೀಲರು ತಕರಾರು ಹಾಕಿದರು. ಮಾಲು ಕೊಟ್ಟರೆ ಮಾರಿಬಿಡುತ್ತಾರೆ, ಸಾಕ್ಷಿಗೆ ಗುರುತಿಸಲು ಏನು ಉಳಿಯುತ್ತದೆ ಅಂತ. ನಮ್ಮ ವಕೀಲೆ ಅದಕ್ಕೆ ತಯಾರಾಗಿಯೇ ಬಂದಿದ್ದರು. ಚೀಲಗಳ ಫೋಟೋ ತೆಗೆಸಿ, ತೂಕ ಮಾಡಿಸಿ, ಪ್ರತಿ ಚೀಲದಿಂದ ಸ್ವಲ್ಪ ಅಡಿಕೆ ತೆಗೆದು ಸೀಲ್ ಮಾಡಿ ಇಟ್ಟುಕೊಳ್ಳಲಿ, ಖಾಲಿ ಚೀಲ ಮತ್ತು ದಾರವನ್ನು ನಾವು ಕಾಪಾಡಿ ಕೇಳಿದಾಗ ತರುತ್ತೇವೆ ಅಂದರು. ಕೋರ್ಟ್ ಒಪ್ಪಿತು. ಬಾಂಡ್ ಬರೆದುಕೊಟ್ಟೆ, ಒಬ್ಬರು ಜಾಮೀನು ನಿಂತರು. ಮಾರಲು ಅನುಮತಿಯೂ ಆದೇಶದಲ್ಲೇ ಸಿಕ್ಕಿತು. ಇದನ್ನು ಅರ್ಜಿಯಲ್ಲೇ ಬಿಡಿಸಿ ಕೇಳಬೇಕು. ಇಲ್ಲದಿದ್ದರೆ ಅಡಿಕೆ ಮನೆಗೆ ಬಂದರೂ ಮಾರಲು ಆಗದೆ ಇಟ್ಟುಕೊಂಡು ಕೂರಬೇಕಾಗುತ್ತದೆ.

ಮೇಲಿನ ಚೀಲಗಳು ಚೆನ್ನಾಗಿದ್ದವು. ನೆಲಕ್ಕೆ ತಾಗಿದ್ದ ಚೀಲಗಳಲ್ಲಿ ಬೂಷ್ಟು ಬಂದಿತ್ತು. ಅವನ್ನು ಅಂಗಳದಲ್ಲಿ ಹರವಿ, ಆರಿಸಿ, ಮತ್ತೆ ಒಣಗಿಸಿದೆವು. ಒಳ್ಳೆಯ ರೇಟು ಸಿಗಲಿಲ್ಲ. ಅಷ್ಟರಲ್ಲಿ ಸೊಸೈಟಿಯ ಬೆಳೆಸಾಲದ ಗಡುವು ಮುಗಿದಿತ್ತು. ಗಡುವಿನೊಳಗೆ ಕಟ್ಟಿದರೆ ಮಾತ್ರ ಸೊನ್ನೆ ಬಡ್ಡಿ. ನನ್ನ ಸಾಲಕ್ಕೆ ಬಡ್ಡಿ ಬಿತ್ತು.

ನನ್ನನ್ನು ಈಗಲೂ ಕಾಡುವ ವಿಷಯ ಇದೇ. ಒಳಗಿರುವ ಆರೋಪಿಯ ಮೇಲೆ 60 ದಿನದಲ್ಲಿ, ದೊಡ್ಡ ಅಪರಾಧವಾದರೆ 90 ದಿನದಲ್ಲಿ ಚಾರ್ಜ್‌ಶೀಟ್ ಹಾಕದಿದ್ದರೆ ಅವನಿಗೆ ಜಾಮೀನು ಹಕ್ಕಾಗಿ ಸಿಗುತ್ತದೆ. ಆ ಗಡುವು ಮೀರಿದರೆ ಜೈಲಿನ ಬಾಗಿಲು ತೆಗೆಯಲೇಬೇಕು. ಸೊಸೈಟಿ ಗಡುವು ಮೀರಿದರೆ ನಾನು ಬಡ್ಡಿ ಕಟ್ಟಲೇಬೇಕು. ಆದರೆ ಕಳೆದುಕೊಂಡವರ ಪರವಾಗಿ ಹಾಕಿರುವ ಗಡುವು ಮೀರಿದರೆ? ಮಾಲಿನ ಬಗ್ಗೆ 30 ದಿನದಲ್ಲಿ ಆದೇಶ ಆಗದಿದ್ದರೆ ಯಾರಿಗೂ ಏನೂ ಆಗುವುದಿಲ್ಲ. ತನಿಖೆ ಎಲ್ಲಿಗೆ ಬಂತು ಅಂತ ದೂರುದಾರರಿಗೆ 90 ದಿನದೊಳಗೆ ತಿಳಿಸಬೇಕು ಅಂತ ಸುರಕ್ಷಾ ಸಂಹಿತೆಯ 193ನೇ ಕಲಂ ಹೇಳುತ್ತದೆ. ತಿಳಿಸದಿದ್ದರೂ ಏನೂ ಆಗುವುದಿಲ್ಲ. ಕಾನೂನು ಕಳ್ಳರ ಪರ ಅಂತ ಜನಕ್ಕೆ ಅನ್ನಿಸುವುದು ಇಲ್ಲಿಯೇ. ಆರೋಪಿಯ ಹಕ್ಕನ್ನು ಕಡಿಮೆ ಮಾಡಿ ಅಂತ ನಾನು ಕೇಳುತ್ತಿಲ್ಲ. ನನ್ನ ಗಡುವಿಗೂ ಅಷ್ಟೇ ಬೆಲೆ ಕೊಡಿ ಅಂತ ಕೇಳುತ್ತಿದ್ದೇನೆ.

ಇದು ಹೊಸ ಮಾತಲ್ಲ. ಕರ್ನಾಟಕ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿದ್ದ ವಿ.ಎಸ್. ಮಳೀಮಠ ಅವರ ಸಮಿತಿ 2003ರಲ್ಲೇ, ನೊಂದವರಿಗೆ ವಿಚಾರಣೆಯಲ್ಲಿ ಪಾಲು ಬೇಕು ಅಂತ ವರದಿ ಕೊಟ್ಟಿತ್ತು. ಆರೋಪಿ ಬಿಡುಗಡೆಯಾದರೆ ನೊಂದವರು ಮೇಲ್ಮನವಿ ಹಾಕಲು ಮೊದಲು ಅನುಮತಿ ಬೇಡಬೇಕಿಲ್ಲ ಅಂತ 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ನಮ್ಮ ಕರ್ನಾಟಕದಿಂದ ಹೋದ ಮಲ್ಲಿಕಾರ್ಜುನ ಕೊಡಗಲಿ ಪ್ರಕರಣದಲ್ಲಿ. 2022ರಲ್ಲಿ, ಉತ್ತರ ಪ್ರದೇಶದಲ್ಲಿ ರೈತರ ಮೇಲೆ ವಾಹನ ಹರಿದ ಲಖಿಂಪುರ ಖೇರಿ ಪ್ರಕರಣದ ಜಾಮೀನು ರದ್ದು ಮಾಡುವಾಗ, ತನಿಖೆಯಿಂದ ಹಿಡಿದು ಪ್ರತಿ ಹಂತದಲ್ಲೂ ನೊಂದವರ ಮಾತು ಕೇಳಬೇಕು ಅಂತ ಅದೇ ಕೋರ್ಟ್ ಹೇಳಿತು. ಮಾತು ದೆಹಲಿಯಲ್ಲಿ ಆಗಿದೆ. ನಮ್ಮ ತಾಲೂಕಿಗೆ ಬರಬೇಕಾದರೆ ಯಾರಾದರೂ ಅರ್ಜಿ ಬರೆಯಲೇಬೇಕು.

ಅಡಿಕೆ ಬಿಡಿಸಿಕೊಂಡ ಮೇಲೆ ಆರೋಪಿಯ ಕಡೆಯವರೊಬ್ಬರು ಮನೆಗೆ ಬಂದರು. "ನಿಮ್ಮ ಮಾಲು ಸಿಕ್ಕಿತಲ್ಲ ಅಕ್ಕ, ಸಾಕ್ಷಿಗೆ ಬಂದಾಗ ಸರಿಯಾಗಿ ಗುರುತಿಲ್ಲ ಅಂದುಬಿಡಿ. ಒಂಟಿ ಮನೆ, ಮಗಳು ಬೇರೆ ಇದ್ದಾಳೆ," ಅಂದರು. ದನಿ ಎತ್ತಿ ಹೇಳಲಿಲ್ಲ. ಮೆಲ್ಲಗೇ ಹೇಳಿದರು. ಮಾವ ಅವರಿಗೆ ನೀರು ಕೊಟ್ಟು ಕಳಿಸಿದರು. ನಾನು ಅವತ್ತೇ ಆ ಮಾತನ್ನು ಹಾಗೇ ಬರೆದು, ತಾರೀಖು ಹಾಕಿ ಠಾಣೆಗೆ ಕೊಟ್ಟು, ಒಂದು ಪ್ರತಿಗೆ ಸೀಲು ಹಾಕಿಸಿಕೊಂಡೆ. ಇನ್ನೊಂದು ಪ್ರತಿ ನಮ್ಮ ವಕೀಲೆಗೆ. ಸಾಕ್ಷಿಯನ್ನು ಹೆದರಿಸಿದರೆ ಜಾಮೀನು ರದ್ದು ಮಾಡಿಸಲು ಕೇಳಬಹುದು. ಅದಕ್ಕೆ ಇಂಥ ಕಾಗದವೇ ಬೇಕಾಗುವುದು. ಆಮೇಲೆ ಯಾರೂ ಬರಲಿಲ್ಲ.

ಈಗ ವಿಚಾರಣೆ ಶುರುವಾಗಿದೆ. ಸರ್ಕಾರಿ ವಕೀಲರಿಗೆ ನೆರವಾಗಲು ನಮ್ಮ ವಕೀಲೆಗೆ ಕೋರ್ಟ್ ಅನುಮತಿ ಕೊಟ್ಟಿದೆ. ವಾಯಿದೆ ಯಾವತ್ತು ಅಂತ ನಾನು ಯಾರನ್ನೂ ಕೇಳುವುದಿಲ್ಲ. ಪ್ರತಿ ಕೇಸಿಗೂ 16 ಅಕ್ಷರ-ಅಂಕಿಗಳ ಸಿಎನ್‌ಆರ್ ನಂಬರು ಇರುತ್ತದೆ, ಇ-ಕೋರ್ಟ್ಸ್ ಆ್ಯಪ್‌ನಲ್ಲಿ ಅದನ್ನು ಹಾಕಿದರೆ ಮುಂದಿನ ದಿನಾಂಕ ಕಾಣುತ್ತದೆ. ಮಗಳು ನೋಡಿ ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತಾಳೆ. ಪಾಟೀ ಸವಾಲಿನಲ್ಲಿ ನನಗೆ ದಾರದ ಬಗ್ಗೆಯೇ ಜಾಸ್ತಿ ಕೇಳಿದರು. ನೀಲಿ ದಾರ ಎಲ್ಲ ಅಂಗಡಿಯಲ್ಲೂ ಸಿಗುತ್ತದೆ ಅಲ್ಲವೇ ಅಂದರು. ಸಿಗುತ್ತದೆ, ಆದರೆ ಎರಡು ಸುತ್ತು ಹೊಲಿದು ಒಳಗಡೆ ಗಂಟು ಹಾಕುವುದು ನಮ್ಮ ಮಾವ ಅಂದೆ. ನ್ಯಾಯಾಧೀಶರು ಅದನ್ನು ಬರೆಸಿಕೊಂಡರು.

ಮುಂದಿನ ವಾಯಿದೆ ಪಂಚರ, ಅಂದರೆ ಮಹಜರಿಗೆ ಸಾಕ್ಷಿಯಾಗಿ ಸಹಿ ಹಾಕಿದವರ ಹೇಳಿಕೆಗೆ. ಇಬ್ಬರೂ ನಮ್ಮೂರಿನವರು, ಕೂಲಿ ಮಾಡುವವರು. ಕೊಯ್ಲಿನ ಹೊತ್ತಿನಲ್ಲಿ ಒಂದು ದಿನ ಕೋರ್ಟಿಗೆ ಬಂದರೆ ಆ ದಿನದ ಸಂಬಳ ಹೋಗುತ್ತದೆ. ಸಾಕ್ಷಿಗಳಿಗೆ ಭತ್ಯೆ ಕೊಡಲು ಸುರಕ್ಷಾ ಸಂಹಿತೆಯಲ್ಲೇ ಅವಕಾಶವಿದೆ, ಆದರೆ ಕೇಳಿದರೆ ಮಾತ್ರ ಸಿಗುತ್ತದೆ. ಅವರಿಬ್ಬರ ಪರವಾಗಿ ಆ ಅರ್ಜಿಯನ್ನು ನಿನ್ನೆ ಬರೆದು ವಕೀಲೆಗೆ ಕೊಟ್ಟಿದ್ದೇನೆ.